ಕ್ಯಾಡ್ ಕಲಿಕೆಗೆ ಮೊದಲ ಬ್ರ್ಯಾಕೆಟ್: ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಕ್ಯಾಡ್ ಅಥವಾ ಕಂಪ್ಯೂಟರ್ ನೆರವಿನ ವಿನ್ಯಾಸವೆಂದರೆ ಮಿನಿ ಡ್ರಾಫ್ಟರ್ ಮತ್ತು ಪೆನ್ಸಿಲನ್ನು ಬದಿಗಿಟ್ಟು ಮೌಸ್ ಹಿಡಿದು ಗೆರೆ ಎಳೆಯುವ ಕೆಲಸವೆಂದು ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿಂದು, ರೇಖೆ, ಸಮತಲ ಮತ್ತು ಘನಾಕೃತಿಗಳ ಪ್ರಕ್ಷೇಪಗಳನ್ನು ಕಂಪ್ಯೂಟರಿನಲ್ಲೇ ಬಿಡಿಸಿ ಅಂಕ ಪಡೆಯುವವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಕಾರ್ಖಾನೆಯಲ್ಲಿ ಒಂದು ಕ್ಯಾಡ್ ಮಾದರಿಯ ಬೆಲೆ ಗೊತ್ತಾಗುವುದು ಅದನ್ನು ಬಿಡಿಸಿದ ದಿನವಲ್ಲ, ಯಾವುದೋ ಒಂದು ಅಳತೆಯನ್ನು ಬದಲಿಸಬೇಕಾಗಿ ಬಂದ ದಿನ. ಯಾವ ಅಳತೆ ಬದಲಾದರೂ ಯಾವುದು ಕದಲಬಾರದು ಎಂಬುದನ್ನು ಮಾದರಿಯೊಳಗೆ ಬರೆದಿಡುವುದೇ ಕಲಿಯಬೇಕಾದ ವಿದ್ಯೆ. ಈ ಲೇಖನದಲ್ಲಿ ಒಂದೇ ಒಂದು ಸರಳ ಬಿಡಿಭಾಗವನ್ನು, ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಬ್ರ್ಯಾಕೆಟನ್ನು, ಕಾಗದದ ಮೇಲಿನ ಕಚ್ಚಾ ಚಿತ್ರದಿಂದ ವರ್ಕ್‌ಶಾಪಿಗೆ ಕೊಡುವ ಡ್ರಾಯಿಂಗ್‌ವರೆಗೆ ಹಂತಹಂತವಾಗಿ ರೂಪಿಸೋಣ.

ಈ ಆಲೋಚನೆ ಹೊಸದೇನಲ್ಲ. ಐವಾನ್ ಸದರ್‌ಲ್ಯಾಂಡ್ ಅವರು ಅಮೆರಿಕದ ಎಂಐಟಿಯಲ್ಲಿ ತಮ್ಮ ಪಿಎಚ್‌ಡಿಗಾಗಿ ಟಿಎಕ್ಸ್-2 ಎಂಬ ಕಂಪ್ಯೂಟರಿನ ಮೇಲೆ ರೂಪಿಸಿ 1963ರಲ್ಲಿ ಮಂಡಿಸಿದ ಸ್ಕೆಚ್‌ಪ್ಯಾಡ್‌ನಲ್ಲಿಯೇ ಇದು ಇತ್ತು: ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಒರಟಾಗಿ ಗೆರೆಗಳನ್ನು ಎಳೆದು, ಇವೆರಡು ಸಮಾಂತರವಾಗಿರಲಿ, ಇವೆರಡು ಸಮ ಉದ್ದವಾಗಿರಲಿ ಎಂದು ಸೂಚಿಸಿದರೆ ಕಂಪ್ಯೂಟರೇ ಗೆರೆಗಳನ್ನು ಸರಿಹೊಂದಿಸುತ್ತಿತ್ತು. 1982ರಲ್ಲಿ ಬಂದ ಆಟೋಕ್ಯಾಡ್ ಸಾಧಾರಣ ಪಿಸಿಗಳಿಗೆ ಡ್ರಾಯಿಂಗ್ ಬೋರ್ಡನ್ನು ತಂದುಕೊಟ್ಟಿತು. ಆದರೆ ಅಳತೆಯನ್ನು ಬದಲಿಸಿದರೆ ಘನಾಕೃತಿಯೇ ಬದಲಾಗುವ ಪ್ಯಾರಾಮೆಟ್ರಿಕ್ ಪದ್ಧತಿ ಕೈಗಾರಿಕೆಯಲ್ಲಿ ಬೇರೂರಿದ್ದು ಎಂಬತ್ತರ ದಶಕದ ಕೊನೆಯಲ್ಲಿ ಪ್ರೊ-ಎಂಜಿನಿಯರ್ ಬಂದ ಮೇಲೆ. ಇಂದಿನ ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್, ಕ್ಯಾಟಿಯಾ, ಎನ್‌ಎಕ್ಸ್, ಫ್ಯೂಷನ್ ಎಲ್ಲವೂ ಇದೇ ದಾರಿಯಲ್ಲಿ ನಡೆಯುತ್ತವೆ.

ಯಾವ ಸಾಫ್ಟ್‌ವೇರ್?

ಇದಕ್ಕೆ ವಿದ್ಯಾರ್ಥಿಗಳು ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಒಂದರಲ್ಲಿ ಸರಿಯಾಗಿ ಕಲಿತವರಿಗೆ ಇನ್ನೊಂದರ ಗುಂಡಿಗಳು ಎಲ್ಲಿವೆ ಎಂಬುದಷ್ಟೇ ಹೊಸ ವಿಷಯ. ಕಾಲೇಜಿನ ಪ್ರಯೋಗಾಲಯದಲ್ಲಿ ಏನಿದೆಯೋ ಅದರಲ್ಲೇ ಆರಂಭಿಸಬಹುದು. ಹಲವು ದೊಡ್ಡ ಕಂಪನಿಗಳ ವಿದ್ಯಾರ್ಥಿ ಆವೃತ್ತಿಗಳು ಉಚಿತವಾಗಿ ದೊರೆಯುವುದಾದರೂ ಅವುಗಳನ್ನು ವಾಣಿಜ್ಯ ಕೆಲಸಕ್ಕೆ ಬಳಸುವಂತಿಲ್ಲ ಎಂಬ ಷರತ್ತನ್ನು ಓದಿಕೊಂಡಿರಬೇಕು. ಇಲ್ಲಿ ಫ್ರೀಕ್ಯಾಡ್ ಅನ್ನು ಆರಿಸಿಕೊಂಡಿದ್ದೇನೆ. ಅದು ಮುಕ್ತ ತಂತ್ರಾಂಶ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಮತ್ತು ಪರವಾನಗಿ ಮುಗಿಯಿತೆಂಬ ಕಾರಣಕ್ಕೆ ಹಳೆಯ ಕಡತ ತೆರೆಯದೇ ಹೋಗುವ ಭಯವಿಲ್ಲ. 2024ರ ನವೆಂಬರಿನಲ್ಲಿ ಬಂದ 1.0 ಅಥವಾ ಅದಕ್ಕಿಂತ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಬೇಕು. ಕಾರಣ ಮುಂದೆ ಬರುತ್ತದೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಮಾತ್ರ ಕ್ಯಾಡ್ ಕಲಿಯಲು ಹೋಗಬಾರದು. ಚಕ್ರವಿರುವ ಸಾಧಾರಣ ಮೌಸ್ ಒಂದಿದ್ದರೆ ಅರ್ಧ ಕಿರಿಕಿರಿ ತಪ್ಪುತ್ತದೆ.

ಹಂತ 1: ಕಾಗದ, ಪೆನ್ಸಿಲ್ ಮತ್ತು ಕೆಲವು ಪ್ರಶ್ನೆಗಳು

ಕಂಪ್ಯೂಟರ್ ತೆರೆಯುವ ಮೊದಲು ಬಿಡಿಭಾಗದ ಕೆಲಸವೇನೆಂದು ಬರೆದುಕೊಳ್ಳಬೇಕು. ನಮ್ಮ ಬ್ರ್ಯಾಕೆಟ್ ಎರಡು ಎಂ8 (8 ಮಿ.ಮೀ. ವ್ಯಾಸದ) ಬೋಲ್ಟುಗಳ ಮೂಲಕ ಒಂದು ಸಮತಟ್ಟಾದ ಮೇಜಿಗೆ ಕೂರುತ್ತದೆ ಮತ್ತು ಅದರ ನಿಂತ ಗೋಡೆಯಲ್ಲಿರುವ 20 ಮಿ.ಮೀ. ರಂಧ್ರದಲ್ಲಿ ಒಂದು ಶಾಫ್ಟ್ ಹಾಯುತ್ತದೆ. ಶಾಫ್ಟಿನ ಮಧ್ಯರೇಖೆ ಮೇಜಿನಿಂದ 36 ಮಿ.ಮೀ. ಎತ್ತರದಲ್ಲಿರಬೇಕು, ಏಕೆಂದರೆ ಅದೇ ಮೇಜಿನ ಮೇಲಿರುವ ಮೋಟಾರಿನ ಶಾಫ್ಟ್ ಆ ಎತ್ತರದಲ್ಲಿದೆ. ಈ ಒಂದು ವಾಕ್ಯವೇ ವಿನ್ಯಾಸದ ತಿರುಳು. ಉಳಿದ ಅಳತೆಗಳೆಲ್ಲ ನಮ್ಮ ಅನುಕೂಲಕ್ಕೆ ಬಗ್ಗುತ್ತವೆ.

ಉಳಿದವನ್ನು ಹೀಗೆ ನಿಗದಿ ಮಾಡೋಣ: ತಳದ ಉದ್ದ 80, ಒಟ್ಟು ಎತ್ತರ 60, ಅಗಲ 50, ತಳ ಮತ್ತು ಗೋಡೆ ಎರಡರ ದಪ್ಪವೂ 8 ಮಿ.ಮೀ. ಬೋಲ್ಟಿನ ರಂಧ್ರಗಳು ಗೋಡೆಯ ಹಿಂಬದಿಯಿಂದ 55 ಮಿ.ಮೀ. ದೂರದಲ್ಲಿ, ಪರಸ್ಪರ 30 ಮಿ.ಮೀ. ಅಂತರದಲ್ಲಿರುತ್ತವೆ. ಎಂ8 ಬೋಲ್ಟಿಗೆ 8 ಮಿ.ಮೀ. ರಂಧ್ರ ಕೊರೆದರೆ ಬೋಲ್ಟ್ ಸಲೀಸಾಗಿ ಇಳಿಯುವುದಿಲ್ಲ. ಸಾಮಾನ್ಯ ಸಡಿಲಿಕೆಗೆ 9 ಮಿ.ಮೀ. ಎಂಬುದು ಅಂತಾರಾಷ್ಟ್ರೀಯ ಮಾನದಂಡದ ಕೋಷ್ಟಕದಲ್ಲಿಯೇ ಇದೆ. ಎಂ8 ವಾಷರಿನ ಹೊರವ್ಯಾಸ 16 ಮಿ.ಮೀ. ಆದ್ದರಿಂದ ರಂಧ್ರದ ಕೇಂದ್ರ ಅಂಚಿನಿಂದ 10 ಮಿ.ಮೀ. ಒಳಗಿದ್ದರೆ ವಾಷರ್ ಹೊರಚಾಚುವುದಿಲ್ಲ. ತಳ ಮತ್ತು ಗೋಡೆ ಕೂಡುವ ಒಳಮೂಲೆಗೆ 8 ಮಿ.ಮೀ. ತ್ರಿಜ್ಯದ ಫಿಲೆಟ್, ಅಂದರೆ ದುಂಡನೆಯ ತಿರುವು, ಕೊಡೋಣ, ಚೂಪಾದ ಒಳಮೂಲೆಯಲ್ಲಿ ಒತ್ತಡ ಕೇಂದ್ರೀಕೃತವಾಗಿ ಬಿರುಕು ಆರಂಭವಾಗುವುದು ಅಲ್ಲಿಂದಲೇ.

ಹಂತ 2: ಬದಲಾಗಬಲ್ಲ ಅಳತೆಗಳಿಗೆ ಹೆಸರಿಡುವುದು

ಫ್ರೀಕ್ಯಾಡ್‌ನಲ್ಲಿ ಹೊಸ ಕಡತವನ್ನು ತೆರೆದು, ಏಕಮಾನ ಮಿಲಿಮೀಟರ್ ಎಂದಿರುವುದನ್ನು ಖಚಿತಪಡಿಸಿಕೊಂಡು, ಒಂದೊಂದು ಬಗೆಯ ಕೆಲಸಕ್ಕಿರುವ ಉಪಕರಣ ಗುಂಪುಗಳಲ್ಲಿ ಒಂದಾದ ಸ್ಪ್ರೆಡ್‌ಶೀಟ್ ವರ್ಕ್‌ಬೆಂಚಿನಲ್ಲಿ ದಪ್ಪ, ಉದ್ದ, ಎತ್ತರ, ಅಗಲ ಮತ್ತು ಶಾಫ್ಟಿನ ಎತ್ತರಗಳನ್ನು ಒಂದೊಂದು ಕೋಶದಲ್ಲಿ ಬರೆದು ಪ್ರತಿ ಕೋಶಕ್ಕೂ ಒಂದು ಅಲಿಯಾಸ್ (ಅಡ್ಡಹೆಸರು) ಕೊಡಬೇಕು. ಮುಂದೆ ಸ್ಕೆಚ್‌ನಲ್ಲಿ ಅಳತೆ ಕೇಳಿದಾಗ ಸಂಖ್ಯೆಯ ಬದಲಿಗೆ ಸಮ ಚಿಹ್ನೆಯನ್ನು ಒತ್ತಿ ಆ ಹೆಸರನ್ನು ಬರೆದರೆ ಅಳತೆ ಸ್ಪ್ರೆಡ್‌ಶೀಟಿಗೆ ಅಂಟಿಕೊಳ್ಳುತ್ತದೆ. ಐದೇ ಅಳತೆಗಳ ಬಿಡಿಭಾಗಕ್ಕೆ ಇದು ಅತಿಯಾಯಿತೆನ್ನಿಸಬಹುದು. ಆದರೂ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಹಂತ 3: ಮೊದಲ ಸ್ಕೆಚ್ ಮತ್ತು ಅದರ ಸ್ವಾತಂತ್ರ್ಯಗಳ ಲೆಕ್ಕ

ಪಾರ್ಟ್ ಡಿಸೈನ್ ವರ್ಕ್‌ಬೆಂಚಿಗೆ ಬಂದು ಒಂದು ಬಾಡಿಯನ್ನು ರಚಿಸಿ, ಎಕ್ಸ್-ಝಡ್ ಪ್ಲೇನಿನ ಮೇಲೆ ಸ್ಕೆಚ್ ತೆರೆಯಿರಿ. ಪಾಲಿಲೈನ್‌ನಿಂದ ಎಲ್ ಆಕಾರವನ್ನು ಒರಟಾಗಿ ಎಳೆಯಿರಿ. ಅಳತೆ ಸರಿಯಿಲ್ಲವೆಂದು ಚಿಂತಿಸಬೇಕಿಲ್ಲ. ಈ ಹಂತದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕ್ಯಾಡ್‌ನ ಬಹುಪಾಲು ತಿಳಿವಳಿಕೆ ಇಲ್ಲಿಯೇ ಇದೆ.

ಎಲ್ ಆಕಾರಕ್ಕೆ ಆರು ಮೂಲೆಗಳಿವೆ. ಪ್ರತಿ ಮೂಲೆಯೂ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಎಂದು ಎರಡು ರೀತಿಯಲ್ಲಿ ಸರಿಯಬಲ್ಲುದರಿಂದ ಒಟ್ಟು 12 ಸ್ವಾತಂತ್ರ್ಯಗಳಿವೆ. ಮೂರು ಗೆರೆಗಳು ಅಡ್ಡವಾಗಿ, ಮೂರು ನೇರವಾಗಿ ಇರಬೇಕೆಂಬ ಆರು ನಿರ್ಬಂಧಗಳನ್ನು, ಅಂದರೆ ಕನ್‌ಸ್ಟ್ರೇಂಟ್‌ಗಳನ್ನು ಹಾಕಿದರೆ ಆರು ಉಳಿಯುತ್ತವೆ. ಕೆಳಗಿನ ಹಿಂಬದಿಯ ಮೂಲೆಯನ್ನು ಮೂಲಬಿಂದುವಿಗೆ ಕೂಡಿಸಿದರೆ ಎರಡು ಕಳೆದು ನಾಲ್ಕು ಉಳಿಯುತ್ತವೆ. ಉದ್ದ, ಎತ್ತರ, ತಳದ ದಪ್ಪ, ಗೋಡೆಯ ದಪ್ಪ: ಸರಿಯಾಗಿ ನಾಲ್ಕೇ ಅಳತೆಗಳು. ಎರಡೂ ದಪ್ಪಗಳು ಯಾವಾಗಲೂ ಸಮವಾಗಿರಬೇಕೆಂದು ನಮ್ಮ ಉದ್ದೇಶವಿದ್ದರೆ ಒಂದಕ್ಕೆ ಅಳತೆಯನ್ನೂ ಇನ್ನೊಂದಕ್ಕೆ ಸಮತ್ವದ ಕನ್‌ಸ್ಟ್ರೇಂಟನ್ನೂ ಕೊಡಬೇಕು. ಸ್ವಾತಂತ್ರ್ಯಗಳ ಲೆಕ್ಕದಲ್ಲಿ ಎರಡೂ ಒಂದೇ, ಆದರೆ ನಾಳೆ ಮಾದರಿಯನ್ನು ತೆರೆಯುವವರಿಗೆ ಅದು ತಿಳಿಸುವ ವಿಷಯ ಬೇರೆ. ಲೆಕ್ಕ ಸೊನ್ನೆಗೆ ಬಂದಾಗ ಫ್ರೀಕ್ಯಾಡ್ ಸ್ಕೆಚ್ಚನ್ನು ಹಸಿರಾಗಿಸುತ್ತದೆ. ಹಸಿರಾಗದ ಸ್ಕೆಚ್ಚಿನ ಮೇಲೆ ಮುಂದಿನ ಹಂತವನ್ನು ಕಟ್ಟಬಾರದು. ಐದನೆಯ ಅಳತೆಯನ್ನು ಸೇರಿಸಲು ಹೋದರೆ ಸಾಫ್ಟ್‌ವೇರ್ ತಕರಾರು ಮಾಡುತ್ತದೆ. ಹಾಗಾದಾಗ ಕಣ್ಣಿಗೆ ಬಿದ್ದ ಕನ್‌ಸ್ಟ್ರೇಂಟನ್ನು ಅಳಿಸಿ ಬಾಯಿ ಮುಚ್ಚಿಸುವ ಬದಲು, ಯಾವ ಎರಡು ಹೇಳಿಕೆಗಳು ಒಂದೇ ವಿಷಯವನ್ನು ಎರಡು ಸಲ ಹೇಳುತ್ತಿವೆ ಎಂದು ಹುಡುಕಬೇಕು.

ಸ್ಕೆಚ್ಚನ್ನು ಮುಚ್ಚಿ, ಪ್ಯಾಡ್ ಆಜ್ಞೆಯಿಂದ 50 ಮಿ.ಮೀ. ದಪ್ಪಕ್ಕೆ ಎಳೆದು, ಪ್ಲೇನಿನ ಎರಡೂ ಬದಿಗೆ ಸಮವಾಗಿ ಹರಡುವ ಆಯ್ಕೆಯನ್ನು ಗುರುತು ಮಾಡಿರಿ. ಹೀಗೆ ಮಾಡಿದರೆ ಬ್ರ್ಯಾಕೆಟ್ಟಿನ ನಡುಪ್ಲೇನ್ ಮೂಲಬಿಂದುವಿನ ಮೂಲಕವೇ ಹಾಯುತ್ತದೆ ಮತ್ತು ಮುಂದೆ ರಂಧ್ರಗಳನ್ನು ನಡುವಿಗೆ ಕೂರಿಸಲು 25 ಎಂಬ ಸಂಖ್ಯೆಯನ್ನು ಎಲ್ಲಿಯೂ ಬರೆಯಬೇಕಾಗುವುದಿಲ್ಲ.

ಹಂತ 4: ರಂಧ್ರಗಳು, ಮತ್ತು ಅಳತೆಯನ್ನು ಎಲ್ಲಿಂದ ಹಿಡಿಯಬೇಕೆಂಬ ಪ್ರಶ್ನೆ

ಹೊಸಬರು ಸಾಮಾನ್ಯವಾಗಿ ಘನಾಕೃತಿಯ ಒಂದು ಮುಖವನ್ನು ಒತ್ತಿ ಅದರ ಮೇಲೆಯೇ ಸ್ಕೆಚ್ ಆರಂಭಿಸುತ್ತಾರೆ. ಸುಲಭವೇನೋ ಹೌದು. ಆದರೆ ಮುಖಗಳಿಗೆ ಸಾಫ್ಟ್‌ವೇರ್ ತಾನೇ ಕೊಡುವ ಹೆಸರುಗಳು ಆಕಾರ ಬದಲಾದಾಗ ಅದಲುಬದಲಾಗಿ, ನಿನ್ನೆ ಗೋಡೆಯಲ್ಲಿದ್ದ ರಂಧ್ರ ಇಂದು ತಳಕ್ಕೆ ಹಾರುವ ತೊಂದರೆ ಫ್ರೀಕ್ಯಾಡ್‌ನಲ್ಲಿ ಬಹುಕಾಲ ಇತ್ತು. 1.0 ಆವೃತ್ತಿಯಲ್ಲಿ ಇದು ಬಹಳಮಟ್ಟಿಗೆ ಹತೋಟಿಗೆ ಬಂದಿದೆ. ಹಾಗಿದ್ದರೂ ಎಲ್ಲ ಸಾಫ್ಟ್‌ವೇರ್‌ಗಳಿಗೂ ಸಲ್ಲುವ ಕ್ರಮವೆಂದರೆ ಸ್ಕೆಚ್‌ಗಳನ್ನು ಸಾಧ್ಯವಾದಷ್ಟೂ ಮೂಲ ಪ್ಲೇನ್‌ಗಳ ಮೇಲೆ ಇಡುವುದು.

ಎಕ್ಸ್-ವೈ ಪ್ಲೇನಿನ ಮೇಲೆ ಬೋಲ್ಟ್ ರಂಧ್ರಗಳಿಗಾಗಿ ಎರಡು ವೃತ್ತಗಳನ್ನು ಎಳೆಯಿರಿ. ಒಂದು ವೃತ್ತಕ್ಕೆ ಕೇಂದ್ರದ ಎರಡು ಮತ್ತು ತ್ರಿಜ್ಯದ ಒಂದು ಎಂದು ಮೂರರಂತೆ ಒಟ್ಟು ಆರು ಸ್ವಾತಂತ್ರ್ಯಗಳು. ಅಕ್ಷದ ಎರಡು ಬದಿಗೆ ಕೇಂದ್ರಗಳು ಸಮ್ಮಿತವಾಗಿರಲಿ ಎಂದರೆ ಎರಡು, ತ್ರಿಜ್ಯಗಳು ಸಮವೆಂದರೆ ಒಂದು, ನಡುವಿನ ಅಂತರ 30, ಹಿಂಬದಿಯಿಂದ ದೂರ 55, ವ್ಯಾಸ 9: ಲೆಕ್ಕ ಚುಕ್ತಾ. ವಸ್ತುವನ್ನು ಕೊರೆದು ತೆಗೆಯುವ ಪಾಕೆಟ್ ಆಜ್ಞೆಯಲ್ಲಿ ಪೂರ್ತಿ ಹಾಯುವ ಆಯ್ಕೆಯನ್ನು ಕೊಡಿರಿ. ರಂಧ್ರ ಕಾಣಿಸದಿದ್ದರೆ ಕೊರೆಯುವ ದಿಕ್ಕು ತಿರುಗುಮುರುಗಾಗಿದೆ ಎಂದರ್ಥ, ದಿಕ್ಕನ್ನು ಬದಲಿಸಿದರೆ ಸಾಕು.

ಶಾಫ್ಟಿನ ರಂಧ್ರಕ್ಕಾಗಿ ವೈ-ಝಡ್ ಪ್ಲೇನಿನ ಮೇಲೆ ಒಂದು ವೃತ್ತವನ್ನು ಎಳೆದು ಅದರ ಕೇಂದ್ರವನ್ನು ನೇರ ಅಕ್ಷದ ಮೇಲೆ ಕೂರಿಸಿರಿ. ಇನ್ನು ಎತ್ತರ. ಇದನ್ನು ಎರಡು ರೀತಿ ಕೊಡಬಹುದು: ತಳದ ಕೆಳಮುಖದಿಂದ 36 ಮಿ.ಮೀ. ಎಂದು, ಇಲ್ಲವೇ ತಳದ ಮೇಲ್ಮುಖದಿಂದ 28 ಮಿ.ಮೀ. ಎಂದು. ಇಂದು ಎರಡರಲ್ಲೂ ರಂಧ್ರ ಒಂದೇ ಜಾಗದಲ್ಲಿ ಬೀಳುತ್ತದೆ, ಪರದೆಯ ಮೇಲಿನ ಚಿತ್ರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಒಂದು ತಿಂಗಳ ನಂತರ ಬ್ರ್ಯಾಕೆಟ್ ಬಾಗುತ್ತಿದೆ, ದಪ್ಪವನ್ನು 10 ಮಿ.ಮೀ. ಮಾಡಿ ಎಂಬ ಸೂಚನೆ ಬರುತ್ತದೆ ಎಂದುಕೊಳ್ಳಿ. ಮೊದಲ ಮಾದರಿಯಲ್ಲಿ ಶಾಫ್ಟ್ 36ರಲ್ಲೇ ಇರುತ್ತದೆ. ಎರಡನೆಯದರಲ್ಲಿ ಯಾರಿಗೂ ಹೇಳದೆ 38ಕ್ಕೆ ಏರಿ, ಮೋಟಾರಿನ ಶಾಫ್ಟಿಗೆ 2 ಮಿ.ಮೀ. ತಪ್ಪಿ ನಿಲ್ಲುತ್ತದೆ. ಅಳತೆಯನ್ನು ಬಿಡಿಭಾಗ ಕೂರುವ ಮುಖದಿಂದ ಹಿಡಿಯಬೇಕೆಂದು ಡ್ರಾಯಿಂಗ್ ತರಗತಿಯಲ್ಲಿ ಹೇಳಿಕೊಡುವುದು ಇದಕ್ಕಾಗಿಯೇ.

ಫಿಲೆಟ್ಟನ್ನು ಕೊನೆಯಲ್ಲಿ ಒಳಮೂಲೆಯ ಅಂಚನ್ನು ಆರಿಸಿ ಹಾಕಿರಿ. ಫಿಲೆಟ್, ಚ್ಯಾಂಫರ್‌ಗಳನ್ನು ಸ್ಕೆಚ್ಚಿನಲ್ಲೇ ಬಿಡಿಸುವುದಕ್ಕಿಂತ ಕೊನೆಗೆ ಹಾಕುವುದು ಮೇಲು. ಬೇಡವೆಂದಾಗ ತೆಗೆಯುವುದು ಸುಲಭ, ಸ್ಕೆಚ್ಚೂ ಹಗುರವಾಗಿ ಉಳಿಯುತ್ತದೆ.

ಹಂತ 5: ಮಾದರಿಯನ್ನು ಸಂಶಯದಿಂದ ನೋಡುವುದು

ತೂಕವನ್ನು ಕೈಲೆಕ್ಕದಿಂದ ತಾಳೆ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ತಳದ ಘನಫಲ 80 × 50 × 8, ಅಂದರೆ 32,000 ಘನ ಮಿ.ಮೀ.; ಅದರ ಮೇಲೆ ನಿಂತ ಗೋಡೆ 52 × 50 × 8, ಅಂದರೆ 20,800. ಇವೆರಡರ ಮೊತ್ತದಿಂದ ಮೂರು ರಂಧ್ರಗಳ ಸುಮಾರು 3,530ನ್ನು ಕಳೆದು, ಫಿಲೆಟ್ಟಿನ ಸುಮಾರು 690ನ್ನು ಕೂಡಿಸಿದರೆ 50,000ಕ್ಕೆ ಅತಿ ಸಮೀಪ ಬರುತ್ತದೆ. ಮೃದು ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋಗ್ರಾಂ. ಹಾಗಾಗಿ ಬ್ರ್ಯಾಕೆಟ್ಟಿನ ತೂಕ ಸುಮಾರು 392 ಗ್ರಾಂ. ಸಾಫ್ಟ್‌ವೇರ್ ತೋರಿಸುವ ಘನಫಲ ಇದಕ್ಕಿಂತ ಹತ್ತಾರು ಪಟ್ಟು ಬೇರೆಯಾಗಿದ್ದರೆ ಏಕಮಾನದಲ್ಲಿ ಎಡವಿದ್ದೇವೆ. ಕೆಲವು ಸಾವಿರ ಘನ ಮಿ.ಮೀ.ಗಳಷ್ಟು ಹೆಚ್ಚಿದ್ದರೆ ಯಾವುದೋ ರಂಧ್ರ ಹಾಯ್ದಿಲ್ಲ.

ಎರಡನೆಯದಾಗಿ ಸ್ಪ್ರೆಡ್‌ಶೀಟಿನಲ್ಲಿ ಅಳತೆಗಳನ್ನು ಬೇಕೆಂದೇ ಬದಲಿಸಿ ನೋಡಬೇಕು. ದಪ್ಪ 10 ಮಾಡಿದಾಗ ಎಲ್ಲವೂ ಸರಿಯಾಗಿ ಹಿಂಬಾಲಿಸಬೇಕು. 30 ಮಾಡಿದರೆ? ಶಾಫ್ಟ್ ರಂಧ್ರದ ಕೆಳ ಅಂಚು 26 ಮಿ.ಮೀ. ಎತ್ತರದಲ್ಲಿರುವುದರಿಂದ ಅದು ತಳವನ್ನು ಉದ್ದಕ್ಕೂ ಕೊರೆದುಕೊಂಡು ಹೋಗುತ್ತದೆ, ಆದರೆ ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ, ಏಕೆಂದರೆ ಜ್ಯಾಮಿತಿಯ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪನ್ನು ಗುರುತಿಸಬೇಕಾದವರು ವಿನ್ಯಾಸಕಾರರೇ. ಬಣ್ಣ ಹಚ್ಚಿ ಹೊಳೆಯುವ ಚಿತ್ರ ತೆಗೆಯುವುದರಲ್ಲಿ ಸಂಜೆಗಳನ್ನು ಕಳೆಯುವ ವಿದ್ಯಾರ್ಥಿಗಳು ಅದರಲ್ಲಿ ಸ್ವಲ್ಪ ಹೊತ್ತನ್ನು ಈ ಪರೀಕ್ಷೆಗೆ ಕೊಟ್ಟರೆ ಲಾಭ ಹೆಚ್ಚು.

ಹಂತ 6: ಇದನ್ನು ಮಾಡುವುದು ಹೇಗೆ?

ಪರದೆಯ ಮೇಲೆ ಬಿಡಿಸಲು ಸಾಧ್ಯವಾದದ್ದೆಲ್ಲ ವರ್ಕ್‌ಶಾಪಿನಲ್ಲಿ ಮಾಡಲು ಲಾಭದಾಯಕವಾಗಿರುವುದಿಲ್ಲ. ಈ ಬ್ರ್ಯಾಕೆಟನ್ನು 80 × 60 × 50ರ ಉಕ್ಕಿನ ತುಂಡಿನಿಂದ ಮಿಲ್ಲಿಂಗ್ ಮಾಡಿ ತೆಗೆಯುವುದಾದರೆ ಆರಂಭದ ತುಂಡಿನ ತೂಕ ಸುಮಾರು 1,880 ಗ್ರಾಂ; ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಚೂರಾಗಿ ನೆಲಕ್ಕೆ ಬೀಳುತ್ತದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿಗೆ ಒಯ್ದರೆ, 80 × 80 × 8ರ ಎಲ್ ಆಕಾರದ ಸಿದ್ಧ ಉಕ್ಕಿನ ಆ್ಯಂಗಲನ್ನು 50 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಒಂದು ಕಾಲನ್ನು 60ಕ್ಕೆ ಇಳಿಸಿ ಮಾಡಬಹುದಲ್ಲ ಎಂದು ಅನುಭವಸ್ಥ ಯಂತ್ರಕಾರರು ಕೇಳಿಯಾರು, ಮತ್ತು ಅವರ ಮಾತು ಸರಿ. ಆದರೆ ಆ್ಯಂಗಲಿನ ಮುಖಗಳು ಮಿಲ್ಲಿಂಗ್ ಮಾಡಿದಷ್ಟು ಸಮತಟ್ಟಾಗಿರುವುದಿಲ್ಲವಾದ್ದರಿಂದ ಮೇಜಿಗೆ ಕೂರುವ ಮುಖವನ್ನಾದರೂ ಹದಗೊಳಿಸಬೇಕು. ಒಳಮೂಲೆಯ ತ್ರಿಜ್ಯವನ್ನು ಆ್ಯಂಗಲಿನದಕ್ಕೆ ಹೊಂದಿಸಿಕೊಳ್ಳಬೇಕು. ತಟ್ಟೆಯನ್ನು ಬಗ್ಗಿಸಿ ಮಾಡುವುದಾದರೆ ಹೊರಮೂಲೆಯೂ ದುಂಡಾಗುತ್ತದೆ, ಅದನ್ನು ಮಾದರಿಯಲ್ಲಿ ತೋರಿಸಬೇಕು. ತಯಾರಿಕೆಯ ದಾರಿಯನ್ನು ಆರಿಸಿದ ನಂತರವೇ ಮಾದರಿ ಪೂರ್ಣವಾಗುತ್ತದೆ.

ಹಂತ 7: ಡ್ರಾಯಿಂಗ್ ಹಾಳೆ

ಮೂರು ಆಯಾಮದ ಮಾದರಿಯಿದ್ದ ಮೇಲೆ ಕಾಗದದ ಡ್ರಾಯಿಂಗ್ ಏಕೆ ಎಂದು ಕೇಳುವುದುಂಟು. ಮಾದರಿಯಲ್ಲಿ ರಂಧ್ರ ನಿಖರವಾಗಿ 20 ಮಿ.ಮೀ. ಇರುತ್ತದೆ, ಲೋಹದಲ್ಲಿ ಹಾಗೆ ಎಂದೂ ಇರುವುದಿಲ್ಲ. ಎಷ್ಟು ತಪ್ಪನ್ನು ಒಪ್ಪಿಕೊಳ್ಳಬಹುದೆಂಬ ಮಾತು ಹೆಚ್ಚಿನ ಕಡೆಗಳಲ್ಲಿ ಇಂದಿಗೂ ಡ್ರಾಯಿಂಗಿನ ಮೂಲಕವೇ ತಲುಪುತ್ತದೆ.

ಟೆಕ್‌ಡ್ರಾ ವರ್ಕ್‌ಬೆಂಚಿನಲ್ಲಿ ಎ4 ಅಥವಾ ಎ3 ಹಾಳೆಯನ್ನು ತೆರೆದು ಮುಂನೋಟ, ಮೇಲ್ನೋಟ ಮತ್ತು ಪಾರ್ಶ್ವನೋಟಗಳನ್ನು ಸೇರಿಸಿರಿ. ಭಾರತೀಯ ಮಾನಕ ಬ್ಯೂರೋ ಕಾಲೇಜುಗಳಿಗಾಗಿ ಹೊರತಂದ ಎಸ್‌ಪಿ 46 ಎಂಬ ಡ್ರಾಯಿಂಗ್ ಕೈಪಿಡಿ ಪ್ರಥಮ ಕೋನ ಪ್ರಕ್ಷೇಪವನ್ನು ಅನುಸರಿಸುತ್ತದೆ. ಅದರಲ್ಲಿ ಮೇಲ್ನೋಟ ಮುಂನೋಟದ ಕೆಳಗೆ, ಎಡಬದಿಯಿಂದ ಕಂಡ ನೋಟ ಬಲಕ್ಕೆ ಬರುತ್ತದೆ. ಅಮೆರಿಕದಲ್ಲಿ ತೃತೀಯ ಕೋನದ ರೂಢಿಯಿದ್ದು ಅಲ್ಲಿ ಎಲ್ಲವೂ ತದ್ವಿರುದ್ಧ. ಆದ್ದರಿಂದ ಸಾಫ್ಟ್‌ವೇರ್‌ನಲ್ಲಿ ಯಾವುದು ಆಯ್ಕೆಯಾಗಿದೆ ಎಂದು ನೋಡಿಕೊಂಡು, ಮೊಟಕುಗೊಳಿಸಿದ ಶಂಕುವಿನ ಚಿಹ್ನೆಯನ್ನು ಶೀರ್ಷಿಕೆ ಚೌಕದಲ್ಲಿ ತಪ್ಪದೆ ಹಾಕಬೇಕು. ಚಿಹ್ನೆಯಿಲ್ಲದ ಡ್ರಾಯಿಂಗಿನಿಂದ ಕನ್ನಡಿಯ ಪ್ರತಿಬಿಂಬದಂತಹ ಬಿಡಿಭಾಗ ತಯಾರಾಗಿ ಬರುವುದು ಅಪರೂಪವೇನಲ್ಲ.

ಟಾಲರೆನ್ಸುಗಳನ್ನು, ಅಂದರೆ ಒಪ್ಪಬಹುದಾದ ತಪ್ಪಿನ ಮಿತಿಗಳನ್ನು, ಜಿಪುಣತನದಿಂದ ಹಂಚಬೇಕು. ಹಾಳೆಯ ಮೇಲೆ ಐಎಸ್‌ಒ 2768-ಎಂ ಎಂದು ಬರೆದರೆ 6ರಿಂದ 30 ಮಿ.ಮೀ. ವರೆಗಿನ ಅಳತೆಗಳಿಗೆ ±0.2, 30ರಿಂದ 120ರ ವರೆಗೆ ±0.3 ಎಂದು ತಾನಾಗಿಯೇ ಅನ್ವಯವಾಗುತ್ತದೆ. ತಳದ ಉದ್ದ, ದಪ್ಪ, ಬೋಲ್ಟ್ ರಂಧ್ರಗಳ ಜಾಗಕ್ಕೆ ಇಷ್ಟು ಸಾಕು. ಶಾಫ್ಟಿನ ರಂಧ್ರ ಮಾತ್ರ 20 ಎಚ್7, ಅಂದರೆ 20.000ಕ್ಕಿಂತ ಚಿಕ್ಕದಾಗದೆ 20.021ಕ್ಕಿಂತ ದೊಡ್ಡದಾಗದೆ ಇರಬೇಕು. ಅದರಲ್ಲಿ ಜಿ6 ಶಾಫ್ಟ್, ಅಂದರೆ 19.980ರಿಂದ 19.993ರ ವರೆಗಿನದು, ಸಲೀಸಾಗಿ ತಿರುಗುತ್ತದೆ. 36ರ ಎತ್ತರಕ್ಕೂ ±0.3 ಸಾಲದು, ±0.05 ಎಂದು ಪ್ರತ್ಯೇಕವಾಗಿ ಬರೆಯೋಣ. ಎಲ್ಲ ಅಳತೆಗೂ ±0.01 ಬರೆಯುವ ವಿದ್ಯಾರ್ಥಿಗೆ ತಾನು ಜಾಗರೂಕನೆಂಬ ತೃಪ್ತಿ ಸಿಗಬಹುದು, ವರ್ಕ್‌ಶಾಪಿನಿಂದ ಬರುವ ದರಪಟ್ಟಿ ಬೇರೆಯೇ ಮಾತು ಹೇಳುತ್ತದೆ.

ಹಂತ 8: ಕಡತವನ್ನು ಕೊಡುವುದು

ಮಾದರಿಯನ್ನು ಬೇರೆಯವರಿಗೆ ಕಳುಹಿಸುವಾಗ ಸ್ಟೆಪ್ ಎಂಬ ಐಎಸ್‌ಒ 10303 ಮಾನದಂಡದ ರೂಪ ಉತ್ತಮ. ಅದರಲ್ಲಿ ರಂಧ್ರ ರಂಧ್ರವಾಗಿಯೇ, ನಿಜವಾದ ಸಿಲಿಂಡರಾಗಿಯೇ ಉಳಿಯುತ್ತದೆ. 3ಡಿ ಪ್ರಿಂಟಿಂಗಿಗೆ ಬಳಸುವ ಎಸ್‌ಟಿಎಲ್ ರೂಪದಲ್ಲಿ ಎಲ್ಲ ಮೇಲ್ಮೈಯೂ ತ್ರಿಕೋನಗಳ ಜಾಲವಾಗುತ್ತದೆ, ಏಕಮಾನದ ಮಾಹಿತಿಯೂ ಇರುವುದಿಲ್ಲ. ಲೇಸರ್ ಕತ್ತರಿಸುವವರು ಡಿಎಕ್ಸ್‌ಎಫ್ ಕೇಳುತ್ತಾರೆ. ಅದು 1:1 ಪ್ರಮಾಣದಲ್ಲಿರಬೇಕು. ಆದರೆ ಸ್ಟೆಪ್‌ನಲ್ಲಿ ಸ್ಕೆಚ್, ಕನ್‌ಸ್ಟ್ರೇಂಟ್ ಮತ್ತು ಸ್ಪ್ರೆಡ್‌ಶೀಟಿನ ಇತಿಹಾಸ ಸಾಗುವುದಿಲ್ಲ, ಆಕಾರ ಮಾತ್ರ ಸಾಗುತ್ತದೆ. ಮೂಲ ಕಡತವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು ಆ ಕಾರಣಕ್ಕೆ.

ಒಂದೇ ಸಾಫ್ಟ್‌ವೇರಿನ ಎರಡು ಆವೃತ್ತಿಗಳ ನಡುವೆಯೂ ಮಾಹಿತಿ ಸೋರಬಲ್ಲದು. ಏರ್‌ಬಸ್ ಎ380 ವಿಮಾನದ ವಿನ್ಯಾಸದಲ್ಲಿ ಜರ್ಮನಿಯ ಹ್ಯಾಂಬರ್ಗ್ ತಂಡ ಕ್ಯಾಟಿಯಾದ ನಾಲ್ಕನೆಯ ಆವೃತ್ತಿಯನ್ನೂ ಫ್ರಾನ್ಸಿನ ತುಲೂಸ್ ತಂಡ ಐದನೆಯದನ್ನೂ ಬಳಸುತ್ತಿದ್ದವು. ವೈರಿಂಗಿನ ಬದಲಾವಣೆಗಳು ಎರಡರ ನಡುವೆ ಸರಿಯಾಗಿ ಹೊಂದದೆ, ಜೋಡಣೆಯ ವೇಳೆ ಕೇಬಲುಗಳ ಉದ್ದ ಸಾಲದೆ ಹೋಗಿದ್ದು 2006ರಲ್ಲಿ ಬಹಿರಂಗವಾದ ದೀರ್ಘ ವಿಳಂಬಕ್ಕೆ ಒಂದು ಮುಖ್ಯ ಕಾರಣವಾಯಿತು. ಗುಂಪಿನಲ್ಲಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಸಾಫ್ಟ್‌ವೇರಿನ ಆವೃತ್ತಿ, ಮೂಲಬಿಂದುವಿನ ಜಾಗ, ಏಕಮಾನ ಮತ್ತು ಕಡತದ ಹೆಸರಿನ ಕ್ರಮವನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು. ‘ಫೈನಲ್’, ‘ಫೈನಲ್ ಹೊಸದು’ ಎಂಬ ಹೆಸರುಗಳ ಬದಲಿಗೆ ಬ್ರ್ಯಾಕೆಟ್-ಎ, ಬ್ರ್ಯಾಕೆಟ್-ಬಿ ಎಂದು ಪರಿಷ್ಕರಣೆಯ ಅಕ್ಷರ ಕೊಟ್ಟು, ಅದೇ ಅಕ್ಷರವನ್ನು ಡ್ರಾಯಿಂಗಿನ ಶೀರ್ಷಿಕೆ ಚೌಕದಲ್ಲೂ ಬರೆದರೆ ವರ್ಕ್‌ಶಾಪಿನಲ್ಲಿ ಹಳೆಯ ಹಾಳೆ ಹಿಡಿದು ಹೊಸ ಬಿಡಿಭಾಗ ಮಾಡುವ ಪ್ರಸಂಗ ಬರುವುದಿಲ್ಲ.

ಇದಾದ ಮೇಲೆ ಮುಂದಿನ ಅಭ್ಯಾಸವಾಗಿ ಇದೇ ಬ್ರ್ಯಾಕೆಟ್ಟಿಗೆ ಒಂದು ಬುಷ್ (ಶಾಫ್ಟ್ ತಿರುಗಲು ರಂಧ್ರದೊಳಗೆ ಕೂರಿಸುವ ಕೊಳವೆ), ಒಂದು ಶಾಫ್ಟ್ ಮತ್ತು ಎರಡು ಬೋಲ್ಟುಗಳನ್ನು ಜೋಡಿಸಿ ಅಸೆಂಬ್ಲಿ ಮಾಡಬಹುದು. ಬುಷ್ ಹಾಕುವುದೆಂದರೆ 20 ಮಿ.ಮೀ. ರಂಧ್ರ ಇನ್ನು ಶಾಫ್ಟಿಗಲ್ಲ, ಬುಷ್ಷಿನ ಹೊರವ್ಯಾಸಕ್ಕೆ ಹೊಂದಬೇಕು. ಆಗ ಎಚ್7ರ ಜೊತೆಗೆ ಬಿಗಿಯಾಗಿ ಕೂರುವ ಬೇರೆ ಫಿಟ್ಟನ್ನು ಕೋಷ್ಟಕದಲ್ಲಿ ಹುಡುಕಿ, ಶಾಫ್ಟಿನ ವ್ಯಾಸವನ್ನು ಸ್ಪ್ರೆಡ್‌ಶೀಟಿನಲ್ಲಿ ಹೊಸ ಹೆಸರಿನಿಂದ ಸೇರಿಸಬೇಕಾಗುತ್ತದೆ.